ಗೋವಾದ ಮಳೆಯಲ್ಲಿ ಕೋಳಿಗೆ ಬೂದಿ ಹಾಕುವುದು

(ಏಪ್ರಿಲ್ ಕೊನೆಯಲ್ಲಿ ಮಾಪುಸಾದಲ್ಲಿ ಕನ್ನಡಿಗರು ಸೇರಿದ್ದ ಭಾನುವಾರದ ಸಭೆಯಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದದ್ದು.)

ನಾಲ್ಕು ವರ್ಷದ ಹಿಂದಿನ ಮಾತು. ಜೂನ್ ಎರಡನೇ ವಾರ, ಮಳೆ ಹಿಡಿದಿತ್ತು. ನಮ್ಮ ಒಂದು ಜವಾರಿ ಹ್ಯಾಟೆ 11 ಮೊಟ್ಟೆ ಮೇಲೆ ಕಾವಿಗೆ ಕೂತಿತ್ತು. ಹಿತ್ತಲಿನ ಕಟ್ಟಿಗೆ ಮನೆಯ ಮೂಲೆಯಲ್ಲಿ ಬಿದಿರಿನ ಬುಟ್ಟಿ, ಬುಟ್ಟಿಯೊಳಗೆ ಭತ್ತದ ಹುಲ್ಲು, ಹುಲ್ಲಿನ ಕೆಳಗೆ ಎರಡು ಬೊಗಸೆ ಒಲೆಯ ಬೂದಿ. ನಮ್ಮವ್ವ ಊರಲ್ಲಿ ಹಾಗೇ ಮಾಡುತ್ತಿದ್ದಳು, ನಾನೂ ಹಾಗೇ ಮಾಡಿದ್ದೆ. 17ನೇ ದಿನ ಮೊಟ್ಟೆ ನೋಡೋಣ ಅಂತ ಕೋಳಿಯ ಹೊಟ್ಟೆ ಕೆಳಗೆ ಕೈ ಹಾಕಿದೆ. ಕೈ ತೆಗೆದರೆ ಮೊಣಕೈವರೆಗೆ ಏನೋ ಹರಿದಾಡಿದ ಹಾಗೆ ಆಯಿತು. ಬೆಳಕಿಗೆ ಹಿಡಿದು ನೋಡಿದೆ. ಕರಿ ಮೆಣಸಿನ ಪುಡಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆ, ಎಲ್ಲವೂ ನಡೆಯುತ್ತಿದ್ದವು. ಹುಲ್ಲು ಎತ್ತಿದರೆ ಕೆಳಗೆ ಬೂದಿ ಅನ್ನೋದು ಇರಲೇ ಇಲ್ಲ. ಕಲಸಿಟ್ಟ ಹಿಟ್ಟಿನ ಹಾಗೆ ಬುಟ್ಟಿಗೆ ಅಂಟಿಕೊಂಡಿತ್ತು. ಆ ಅಂಟಿನ ಮೇಲೇ ರಕ್ತ ಕುಡಿಯುವ ನುಸಿ ಓಡಾಡುತ್ತಿದ್ದವು.

ಮರುದಿನ ಕೋಳಿ ಮೊಟ್ಟೆ ಬಿಟ್ಟು ಎದ್ದಿತು. ಅದರ ಜುಟ್ಟು ಬಿಳಿಚಿಹೋಗಿತ್ತು, ಕೆಂಪು ಅನ್ನೋದೇ ಇರಲಿಲ್ಲ. ನಾಲ್ಕು ದಿನಕ್ಕೆ ಸತ್ತಿತು. 21 ದಿನಕ್ಕೆ ಮರಿ ಒಡೆಯಬೇಕಿದ್ದ ಮೊಟ್ಟೆಗಳನ್ನು ತೆಂಗಿನ ಬುಡದಲ್ಲಿ ಹುಗಿದೆ. ಕಾವಿಗೆ ಕೂತ ಕೋಳಿ ದಿನಕ್ಕೆ ಒಂದೇ ಸಲ ಮೇವಿಗೆ ಎದ್ದು ಮತ್ತೆ ಬಂದು ಕೂರುತ್ತದೆ. ಏನು ಕಚ್ಚಿದರೂ ಮೊಟ್ಟೆ ಬಿಟ್ಟು ಏಳುವುದಿಲ್ಲ. ಅಂಥ ಕೋಳಿ 18ನೇ ದಿನ ಎದ್ದಿತು ಅಂದರೆ ಎಷ್ಟು ರಕ್ತ ಹೋಗಿರಬೇಕು, ಯೋಚನೆ ಮಾಡಿ. ಅವತ್ತಿನಿಂದ ನಾನು ಈ ವಿಷಯ ಸುಮ್ನೆ ಬಿಡಲಿಲ್ಲ.

ಅವ್ವನ ಬೂದಿ ಊರಲ್ಲಿ ಕೆಲಸ ಮಾಡುತ್ತಿತ್ತು. ಅದು ಸುಳ್ಳಲ್ಲ, ನಾನು ಕಣ್ಣಾರೆ ನೋಡಿ ಬೆಳೆದವಳು. ಇಲ್ಲಿ ಯಾಕೆ ಕೈಕೊಟ್ಟಿತು? ಇಲ್ಲಿ ಕೂತವರು ಜಾಸ್ತಿ ಜನ ಗದಗ, ಕೊಪ್ಪಳ, ಬಾಗಲಕೋಟೆ, ಹಾವೇರಿ ಕಡೆಯವರು. ನಮ್ಮ ರೋಣದ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ಒಳ್ಳೇ ವರ್ಷ ಅನ್ನುತ್ತೇವೆ. ಗೋವಾದಲ್ಲಿ ಬೀಳೋದು 3000 ಮಿಲಿಮೀಟರ್ ಆಸುಪಾಸು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಾಲ್ಕೇ ತಿಂಗಳಲ್ಲಿ. ಇಲ್ಲಿ ಆ ನಾಲ್ಕು ತಿಂಗಳು ಒಗೆದ ಬಟ್ಟೆ ಒಣಗುವುದಿಲ್ಲ, ಉಪ್ಪು ಡಬ್ಬಿಯಲ್ಲೇ ನೀರೊಡೆಯುತ್ತದೆ. ಬೂದಿ ಹೇಗೆ ಒಣಗಿರುತ್ತದೆ ಹೇಳಿ?

ಬೂದಿಯಾಗಲಿ, ಬೇರೆ ಮಣ್ಣಿನ ಪುಡಿಯಾಗಲಿ, ಅವು ಹುಳಕ್ಕೆ ವಿಷ ಹಾಕಿ ಕೊಲ್ಲುವುದಿಲ್ಲ. ಹೇನು, ನುಸಿ, ಕಾಳಿನ ಹುಳ, ಇವಕ್ಕೆಲ್ಲ ಮೈಮೇಲೆ ಮೇಣದಂಥ ತೆಳ್ಳಗಿನ ಲೇಪ ಇರುತ್ತದೆ. ಆ ಲೇಪ ಇರುವುದರಿಂದಲೇ ಒಳಗಿನ ನೀರು ಆರಿಹೋಗದೆ ಉಳಿಯುತ್ತದೆ. ಒಣಗಿದ ನುಣ್ಣನೆ ಪುಡಿ ಮೈಗೆ ತಾಗಿದರೆ ಆ ಮೇಣವನ್ನು ಗೀರುತ್ತದೆ, ಹೀರಿಕೊಳ್ಳುತ್ತದೆ. ಆಮೇಲೆ ಹುಳದ ಮೈಯ ನೀರು ಹೊರಗೆ ಹೋಗಿ, ಅದು ಒಣಗಿ ಸಾಯುತ್ತದೆ. ಒಂದು ನಿಮಿಷದಲ್ಲಿ ಅಲ್ಲ, ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಪುಡಿಯೇ ಗಾಳಿಯ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿದ್ದರೆ ಅದು ಮೇಣ ಎಲ್ಲಿ ಹೀರುತ್ತದೆ?

ಇದು ನಿಮಗೆ ಹೊಸದಲ್ಲ. ಹೆಸರು, ಅಲಸಂದಿ, ಮಡಿಕೆ ಕಾಳನ್ನು ನಮ್ಮ ಹಿರಿಯರು ಹೇಗೆ ಇಡುತ್ತಿದ್ದರು? ಚೆನ್ನಾಗಿ ಬಿಸಿಲಿಗೆ ಹಾಕಿ, ಜರಡಿ ಹಿಡಿದ ಬೂದಿ ಕಲಸಿ, ಗಡಿಗೆಯಲ್ಲಿ ತುಂಬಿ, ಬಾಯಿ ಮುಚ್ಚಿ ಸಗಣಿ ಸಾರಿಸುತ್ತಿದ್ದರು. ನಮ್ಮವ್ವ ಬೂದಿಯನ್ನು ಹಳೇ ಸೀರೆಯ ಸೆರಗಿನಲ್ಲಿ ಸೋಸುತ್ತಿದ್ದಳು. ಕೈಯಲ್ಲಿ ಹಿಡಿದರೆ ಮೈದಾ ಹಿಟ್ಟು ಅನ್ನಬೇಕು, ಅಷ್ಟು ನುಣುಪು. ಬಿಸಿಲು, ನುಣುಪು, ಮುಚ್ಚಿದ ಬಾಯಿ. ಇವು ಮೂರೂ ಸೇರಿದರೆ ಮಾತ್ರ ಬೂದಿಗೆ ಬೆಲೆ. ನಾನು ಇಲ್ಲಿಗೆ ತಂದದ್ದು ಬೂದಿ ಒಂದನ್ನೇ.

ಸರಿ, ಈಗ ಕೋಳಿಗೆ ಬರೋಣ. ಅಂಗಡಿಗೆ ಹೋಗಿ ಯಾವ ಪುಡಿ ತರಲಿ ಅಂತ ಕೇಳುವ ಮೊದಲು, ಕಚ್ಚುತ್ತಿರುವುದು ಎಲ್ಲಿ ವಾಸ ಮಾಡುತ್ತದೆ ಅಂತ ಗೊತ್ತಾಗಬೇಕು. ಕೆಲವು ಕೋಳಿಯ ಮೈಮೇಲೇ ಹುಟ್ಟಿ ಅಲ್ಲೇ ಸಾಯುತ್ತವೆ. ಕೆಲವು ಗೂಡಿನ ಸಂದಿಯಲ್ಲಿ ಇರುತ್ತವೆ, ರಾತ್ರಿ ಬಂದು ಕುಡಿದು ಹೋಗುತ್ತವೆ. ಹಗಲಲ್ಲಿ ಕೋಳಿ ಹಿಡಿದು ನೋಡಿದರೆ ಮೈಮೇಲೆ ಒಂದೂ ಸಿಗುವುದಿಲ್ಲ, ನಾವು ಏನೂ ಇಲ್ಲ ಅಂದುಕೊಳ್ಳುತ್ತೇವೆ.

ಹೇನು ಮೊದಲನೇ ಜಾತಿ. ಕೋಳಿ ಹೇನು ಒಣ ಹುಲ್ಲಿನ ಬಣ್ಣದ್ದು, ಚಪ್ಪಟೆ, ಬಿರಬಿರನೆ ಓಡುತ್ತದೆ. ಚರ್ಮದ ಹೊಟ್ಟು, ಪುಕ್ಕ ತಿಂದು ಬದುಕುತ್ತದೆ. ಪುಕ್ಕದ ಬುಡಕ್ಕೆ ಸೀರು ಅಂಟಿಸುತ್ತದೆ. ಬಾಲದ ಕೆಳಗೆ, ಮೊಟ್ಟೆ ಬರುವ ಜಾಗದ ಸುತ್ತ ಪುಕ್ಕ ಬಿಡಿಸಿ ನೋಡಿ, ಬುಡದಲ್ಲಿ ಬಿಳಿ ಗಂಟು ಕಾಣುತ್ತದೆ, ಒದ್ದೆ ರವೆ ಅಂಟಿಸಿದ ಹಾಗೆ. ಕೋಳಿಯ ಮೈ ಬಿಟ್ಟರೆ ಹೇನು ಒಂದು ವಾರ ಬದುಕುವುದೂ ಕಷ್ಟ. ಮನುಷ್ಯರಿಗೆ ಹತ್ತಿದರೂ ನಿಲ್ಲುವುದಿಲ್ಲ, ಮಕ್ಕಳ ತಲೆಗೆ ಬರುತ್ತದಾ ಅಂತ ಹೆದರಬೇಡಿ.

ಎರಡನೇ ಜಾತಿ ಕೆಂಪು ನುಸಿ. ಇದು ರಾತ್ರಿ ಕಳ್ಳ. ಹಗಲೆಲ್ಲ ಕೋಳಿ ಕೂರುವ ಕೋಲಿನ ಸಂದಿ, ಹಲಗೆಯ ಜೋಡು, ಗೋಡೆಯ ತೂತು, ಅಲ್ಲಿ ಗುಂಪುಗುಂಪಾಗಿ ಇರುತ್ತದೆ. ಹಸಿದಾಗ ಬೂದು ಬಣ್ಣ, ರಕ್ತ ಕುಡಿದಾಗ ಕೆಂಪು. ಬೆಚ್ಚಗಿದ್ದರೆ ಮೊಟ್ಟೆಯಿಂದ ದೊಡ್ಡದಾಗಲು ವಾರ, ಹತ್ತು ದಿನ ಸಾಕು. ಗೂಡು ಖಾಲಿ ಮಾಡಿ ಕಾದರೂ ತಿಂಗಳುಗಟ್ಟಲೆ ಉಪವಾಸ ಬದುಕುತ್ತದೆ. ನಾನು ಹೇಳಿದೆನಲ್ಲ, ಕಾವಿನ ಬುಟ್ಟಿಯಲ್ಲಿ ಬಂದ ನುಸಿ, ಅದು ಮೂರನೆಯದು, ನಮ್ಮಂಥ ಬೆಚ್ಚಗಿನ ಸೀಮೆಯ ಗೂಡು ನುಸಿ. ಅದು ಮೈಮೇಲೂ ಇರುತ್ತದೆ, ಬುಟ್ಟಿಯ ಹುಲ್ಲಿನಲ್ಲೂ ಇರುತ್ತದೆ. ಒಂದು ವಾರದೊಳಗೆ ಒಂದು ತಲೆಮಾರು ಮುಗಿಯುತ್ತದೆ. ಕೋಳಿ 21 ದಿನ ಒಂದೇ ಕಡೆ ಕೂತರೆ ಅಷ್ಟರಲ್ಲಿ ಅದಕ್ಕೆ ಮೂರು ತಲೆಮಾರು, ನೋಡಿ.

ಇನ್ನು ಉಣ್ಣಿ. ಕೋಳಿ ಉಣ್ಣಿ ಚಪ್ಪಟೆ, ತೊಗಲಿನ ಹಾಗೆ, ಇದೂ ಸಂದಿಯಲ್ಲಿ ಅಡಗಿ ರಾತ್ರಿ ಬರುತ್ತದೆ. ದೊಡ್ಡ ಉಣ್ಣಿ ಏನೂ ಕುಡಿಯದೆ ವರ್ಷಗಟ್ಟಲೆ ಇರಬಲ್ಲದು. ಕಚ್ಚಿದ್ದಕ್ಕಿಂತ ದೊಡ್ಡ ಅಪಾಯ ಅದು ತರುವ ಜ್ವರ. ಕೋಳಿ ಹಸಿರು ಪಿಕ್ಕೆ ಹಾಕಿಕೊಂಡು, ತೂಕಡಿಸಿ, ಕಾಲು ಸೋತು ಬಿದ್ದರೆ ಪುಡಿಯ ಮಾತು ಬಿಟ್ಟು ಪಶು ವೈದ್ಯರ ಹತ್ತಿರ ಓಡಿ.

ಗೋವಾದ ಮನೆಗಳಲ್ಲಿ ಒಂದು ತೊಂದರೆ ಜಾಸ್ತಿ ಇದೆ. ಇಲ್ಲಿ ಗೋಡೆ ಕಟ್ಟುವುದು ಜಂಬಿಟ್ಟಿಗೆ ಕಲ್ಲಿನಲ್ಲಿ. ಆ ಕೆಂಪು ಕಲ್ಲನ್ನು ಹತ್ತಿರದಿಂದ ನೋಡಿದ್ದೀರಾ? ಜೇನುಗೂಡಿನ ಹಾಗೆ ತೂತೇ ತೂತು. ಗಾರೆ ಮಾಡದೆ ಬಿಟ್ಟ ಕಟ್ಟಿಗೆ ಮನೆ, ಹಳೇ ದನದ ಕೊಟ್ಟಿಗೆ, ಅಲ್ಲೇ ನಾವು ಕೋಳಿ ಕೂಡುತ್ತೇವೆ. ಒಂದೊಂದು ತೂತೂ ಉಣ್ಣಿಗೆ, ನುಸಿಗೆ ಮನೆ. ಎಷ್ಟು ಪುಡಿ ಎರಚಿದರೂ ಅಷ್ಟು ಒಳಗೆ ಹೋಗುವುದಿಲ್ಲ. ಅಲ್ಲಿ ಬೇಕಾಗಿರೋದು ಸುಣ್ಣ. ಇದನ್ನು ನನಗೆ ಕಲಿಸಿದ್ದು ಪಕ್ಕದ ಮನೆ ಅಜ್ಜಿ. ಅವರು ಚಿಪ್ಪು ಸುಟ್ಟ ಸುಣ್ಣ ಅರಳಿಸಿ, ಗಟ್ಟಿ ಹಾಲಿನ ಹದಕ್ಕೆ ಕಲಸಿ, ತೆಂಗಿನ ನಾರಿನ ಕುಂಚದಲ್ಲಿ ಪ್ರತಿ ತೂತಿಗೂ ತುಂಬುವ ಹಾಗೆ ಬಡಿಯುತ್ತಿದ್ದರು. ತೂತು ಮುಚ್ಚುತ್ತದೆ, ಒಳಗಿದ್ದದ್ದು ಒಳಗೇ ಸಾಯುತ್ತದೆ. ಕೋಳಿಯನ್ನು ಎರಡು ಮೂರು ದಿನ ಬೇರೆ ಕಡೆ ಇಟ್ಟು, ಗೋಡೆ ಪೂರ್ತಿ ಒಣಗಿದ ಮೇಲೆ ಬಿಡಬೇಕು. ಸುಣ್ಣದ ಪುಡಿಯನ್ನು ಮಾತ್ರ ಕೋಳಿಯ ಮೈಗೆ ಯಾವತ್ತೂ ಹಾಕಬೇಡಿ. ಚರ್ಮ ಸುಡುತ್ತದೆ, ಕಣ್ಣು ಹೋಗುತ್ತದೆ.

ಗೂಡಿನಲ್ಲಿ ಕೆಂಪು ನುಸಿ ಇದೆಯಾ ಇಲ್ಲವಾ ಅಂತ ತಿಳಿಯಲು ಒಂದು ಸುಲಭ ಉಪಾಯ. ರಾತ್ರಿ ಒಂಬತ್ತು ಹತ್ತಕ್ಕೆ ಬ್ಯಾಟರಿ ಹಿಡಿದು ಹೋಗಿ. ಒಂದು ಬಿಳಿ ಕಾಗದ ತೆಗೆದುಕೊಂಡು ಕೋಳಿ ಕೂತ ಕೋಲಿನ ಕೆಳಮೈಯನ್ನು ಒತ್ತಿ ಒರೆಸಿ. ಕಾಗದದ ಮೇಲೆ ಕೆಂಪು ಗೀರು ಬಿದ್ದರೆ ಅದು ನಿಮ್ಮ ಕೋಳಿಯ ರಕ್ತ. ನಾನು ತಿಂಗಳಿಗೆ ಎರಡು ಸಲ ನೋಡುತ್ತೇನೆ, ಮಳೆಗಾಲದಲ್ಲಿ ವಾರಕ್ಕೊಂದು ಸಲ.

ಈಗ ಪುಡಿಗಳು. ಬೂದಿ ಹೇಳಿಯಾಯಿತು, ಆದರೂ ಎರಡು ಮಾತು ಸೇರಿಸುತ್ತೇನೆ. ಬೂದಿ ಕಟ್ಟಿಗೆಯದ್ದೇ ಆಗಿರಬೇಕು. ಈಗ ನಾವು ಒಲೆಗೆ ಏನೇನೋ ಹಾಕುತ್ತೇವೆ. ಪ್ಲೈವುಡ್ ತುಂಡು, ಬಣ್ಣ ಹಚ್ಚಿದ ಹಳೇ ಕಿಟಕಿ, ಹಾಲಿನ ಪ್ಯಾಕೆಟ್. ಅಂಥ ಬೂದಿ ಬೇಡವೇ ಬೇಡ. ಇನ್ನೊಂದು, ಬೂದಿಗೆ ನೀರು ಸೇರಿದರೆ ಅದು ಸೌಳು. ಹಿಂದೆ ಬೂದಿ ನೀರಲ್ಲಿ ಬಟ್ಟೆ ಒಗೆಯುತ್ತಿದ್ದರು, ಎಣ್ಣೆ ಪಾತ್ರೆ ಬೆಳಗುತ್ತಿದ್ದರು, ಅಲ್ವಾ? ಜಿಡ್ಡು ತೆಗೆಯುವಷ್ಟು ಖಾರ ಅದಕ್ಕಿದೆ. ಒದ್ದೆ ಬೂದಿಯ ಮೇಲೆ ಕೋಳಿ ದಿನಗಟ್ಟಲೆ ಕೂತರೆ ಎದೆಯ ಚರ್ಮ, ಕಾಲಿನ ಅಡಿ ಕೆಂಪಾಗಿ ಸುಲಿಯುತ್ತದೆ. ಆ ಹ್ಯಾಟೆಗೆ ನಾನು ಮಾಡಿದ್ದು ಇದೇ. ನುಸಿ ಸಾಯಲಿಲ್ಲ, ಕೋಳಿಗೆ ಉರಿ ಬೇರೆ.

ಎರಡನೆಯದು ಡಯಾಟಮೇಷಿಯಸ್ ಅರ್ಥ್. ಆನ್‌ಲೈನಲ್ಲಿ ಡಿ.ಇ. ಪುಡಿ ಅಂತ ಮಾರುತ್ತಾರೆ, ನಿಮ್ಮಲ್ಲಿ ಕೆಲವರು ತರಿಸಿದ್ದೀರಿ ಅಂತ ಆಗಲೇ ಹೇಳಿದಿರಿ. ಇದು ಡಯಾಟಮ್ ಅನ್ನುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ಚಿಪ್ಪು. ಕೆರೆ, ಸಮುದ್ರದ ತಳದಲ್ಲಿ ಲಕ್ಷಾಂತರ ವರ್ಷ ಬಿದ್ದು ಬಿದ್ದು ಪದರ ಕಟ್ಟಿದ್ದನ್ನು ಅಗೆದು ಪುಡಿ ಮಾಡುತ್ತಾರೆ. ಚಿಪ್ಪು ಸಿಲಿಕಾದ್ದು, ಅಂದರೆ ಮರಳು, ಗಾಜಿನ ಕುಲ. ಕೆಲಸ ಬೂದಿಯ ಹಾಗೇ, ಮೇಣ ಹೀರಿ ಒಣಗಿಸುವುದು, ಆದರೆ ಬೂದಿಗಿಂತ ಚುರುಕು. ಇದರಲ್ಲಿ ಎರಡು ಥರ ಇದೆ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಒಂದು ಫುಡ್ ಗ್ರೇಡ್. ಇನ್ನೊಂದು ಈಜುಕೊಳದ ನೀರು ಸೋಸಲು ಬಳಸುವುದು, ಅದನ್ನು ಭಟ್ಟಿಯಲ್ಲಿ ಸುಟ್ಟಿರುತ್ತಾರೆ. ಸುಟ್ಟಾಗ ಸಿಲಿಕಾ ಹರಳುಗಟ್ಟುತ್ತದೆ. ಆ ಹರಳಿನ ದೂಳು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶ ಕಲ್ಲಾಗುತ್ತದೆ. ನಮ್ಮ ಕಡೆಯ ಎಷ್ಟೋ ಜನ ಕಲ್ಲು ಕ್ವಾರಿಯಲ್ಲಿ ದುಡಿದವರು. ಸಿಲಿಕೋಸಿಸ್ ಅನ್ನುವ ರೋಗದ ಹೆಸರು ಗೊತ್ತಿಲ್ಲದಿದ್ದರೂ ಆ ಕೆಮ್ಮು ಮನೆಯಲ್ಲಿ ಕೇಳಿದವರು ಇಲ್ಲೇ ಇರಬಹುದು. ಆ ದೂಳಿನದ್ದೇ ಕಥೆ ಇದು. ಚೀಲದ ಮೇಲೆ ಫುಡ್ ಗ್ರೇಡ್ ಅಂತ ಬರೆದಿಲ್ಲದಿದ್ದರೆ ವಾಪಸ್ ಕಳಿಸಿ. ಫುಡ್ ಗ್ರೇಡ್ ಇದ್ದರೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೊರೋನಾ ಕಾಲದ ಮಾಸ್ಕ್ ಇದ್ದರೆ ಇನ್ನೂ ಒಳ್ಳೆಯದು.

ನಮಗೆ ಮಾಸ್ಕ್ ಇದೆ, ಕೋಳಿಗೆ ಇಲ್ಲ. ಕೋಳಿಯ ಉಸಿರಾಟ ನಮ್ಮ ಹಾಗಲ್ಲ. ಶ್ವಾಸಕೋಶದ ಜೊತೆಗೆ ಮೈಯೊಳಗೆ ಗಾಳಿ ಚೀಲಗಳಿವೆ, ದೂಳು ಬಲು ಬೇಗ ತೊಂದರೆ ಕೊಡುತ್ತದೆ. ಹೋಳಿಯಲ್ಲಿ ಬಣ್ಣ ಎರಚಿದ ಹಾಗೆ ಗೂಡಿನ ತುಂಬ ಪುಡಿ ಎರಚುವವರನ್ನು ನೋಡಿದ್ದೇನೆ. ಒಳಗೆ ಕೋಳಿ ಸೀನುತ್ತಿರುತ್ತವೆ. ಹಾಗೆ ಮಾಡಬೇಡಿ.

ಹಾಗಾದರೆ ಹೇಗೆ ಹಾಕುವುದು? ಹಳೇ ಕಾಲುಚೀಲಕ್ಕೆ ಅರ್ಧ ಪುಡಿ ತುಂಬಿ ಬಾಯಿ ಕಟ್ಟಿ. ರಾತ್ರಿ ಕೋಳಿ ಮಂಕಾಗಿ ಕೂತಿರುವಾಗ ಎತ್ತಿಕೊಳ್ಳಿ. ಎಡಗಂಕುಳಲ್ಲಿ ಅದರ ತಲೆ ಹಿಂದಕ್ಕೆ ಬರುವ ಹಾಗೆ ಅವುಚಿಕೊಂಡರೆ ಬಾಲ ನಿಮ್ಮ ಮುಂದೆ ಇರುತ್ತದೆ, ಮುಖಕ್ಕೆ ಪುಡಿ ತಾಗುವುದಿಲ್ಲ. ಬಾಲದ ಕೆಳಗೆ ಪುಕ್ಕವನ್ನು ಉಲ್ಟಾ ಸವರಿ, ಚರ್ಮ ಕಂಡಾಗ ಕಾಲುಚೀಲದಿಂದ ಮೆಲ್ಲಗೆ ತಟ್ಟಿ. ಆಮೇಲೆ ಎರಡು ರೆಕ್ಕೆಯ ಕಂಕುಳು, ಕುತ್ತಿಗೆಯ ಬುಡ. ಒಂದು ಕೋಳಿಗೆ ಒಂದೆರಡು ಚಮಚ ಸಾಕು. ಬೆರಳಲ್ಲಿ ತಿಕ್ಕಿ ಚರ್ಮದವರೆಗೆ ಇಳಿಸಿ. ಪುಕ್ಕದ ಮೇಲೆ ಉಳಿದ ಪುಡಿ ಬೆಳಗ್ಗೆ ಒಂದು ಸಲ ಮೈ ಒದರಿದರೆ ಹೋಯಿತು.

ಒಂದು ಸಲ ಹಾಕಿ ಮುಗೀತು ಅನ್ನಬೇಡಿ. ಪುಡಿ ಸೀರನ್ನು ಕೊಲ್ಲುವುದಿಲ್ಲ. ಇವತ್ತು ಓಡಾಡುವ ಹೇನು ಸತ್ತರೂ ನಾಲ್ಕರಿಂದ ಏಳು ದಿನದಲ್ಲಿ ಸೀರು ಒಡೆದು ಹೊಸ ಹೇನು ಬರುತ್ತದೆ. ಅದು ದೊಡ್ಡದಾಗಿ ಮತ್ತೆ ಸೀರು ಇಡುವ ಮೊದಲೇ, ಅಂದರೆ 7ನೇ ದಿನಕ್ಕೆ ಒಂದು ಸಲ, 14ನೇ ದಿನಕ್ಕೆ ಇನ್ನೊಂದು ಸಲ ಹಾಕಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಮೊದಲ ವಾರ ಚೆನ್ನಾಗಾಯಿತು ಅಂತ ಬಿಡುತ್ತಾರೆ, ಮೂರನೇ ವಾರ ಪುಡಿ ಸರಿ ಇಲ್ಲ ಅನ್ನುತ್ತಾರೆ.

ಇಷ್ಟೆಲ್ಲ ನಾವು ಮಾಡುವುದಕ್ಕಿಂತ ಕೋಳಿಯೇ ಮಾಡಿಕೊಳ್ಳುವುದು ಎಷ್ಟೋ ಮೇಲು. ಮಧ್ಯಾಹ್ನ ಬಿಸಿಲಲ್ಲಿ ಕೋಳಿ ಗುಳಿ ತೋಡಿಕೊಂಡು, ಒಂದು ಪಕ್ಕಕ್ಕೆ ಒರಗಿ, ಕಾಲಲ್ಲಿ ಮಣ್ಣು ಒದ್ದು ರೆಕ್ಕೆಯೊಳಗೆ ತುಂಬಿಸಿಕೊಂಡು, ಕಣ್ಣು ಅರೆ ಮುಚ್ಚಿ ಬಿದ್ದಿರುತ್ತದಲ್ಲ, ಗೊತ್ತಿಲ್ಲದವರು ಕೋಳಿ ಸತ್ತಿತು ಅಂತ ಗಾಬರಿ ಆಗುತ್ತಾರೆ. ಅದು ಅದರ ಸ್ನಾನ. ಅರ್ಧ ಗಂಟೆ ಆದರೂ ಏಳುವುದಿಲ್ಲ. ಎದ್ದು ಒಂದು ಸಲ ಮೈ ಕೊಡವಿದರೆ ಹಳೇ ಜಿಡ್ಡು, ಹೊಟ್ಟು, ಹೇನು ಎಲ್ಲ ಮಣ್ಣಿನ ಜೊತೆ ಉದುರುತ್ತದೆ. ನಾವು ಮಾಡಬೇಕಾದದ್ದು ಆ ಗುಳಿಗೆ ಒಳ್ಳೇ ಪುಡಿ ಸೇರಿಸಿ ಒಣಗಿಸಿ ಇಡುವುದು, ಅಷ್ಟೇ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್‌ನಲ್ಲಿ ಇದನ್ನು ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಕೋಳಿಗಳಿಗೆ ಮರಳಿನ ಪೆಟ್ಟಿಗೆ ಇಟ್ಟು ಒಂದರಲ್ಲಿ ಡಿ.ಇ., ಒಂದರಲ್ಲಿ ಕಯೋಲಿನ್ ಅನ್ನುವ ಬಿಳಿ ಜೇಡಿ, ಒಂದರಲ್ಲಿ ಗಂಧಕ ಬೆರೆಸಿದರು. ಪೆಟ್ಟಿಗೆಗೆ ಇಳಿದು ಹೊರಳಾಡಿದ ಕೋಳಿಗಳಲ್ಲಿ ವಾರದೊಳಗೆ ನುಸಿ, ಹೇನು ನೂರಕ್ಕೆ 80ರಿಂದ 100ರಷ್ಟು ಇಳಿದವು. ಪೆಟ್ಟಿಗೆಗೆ ಇಳಿಯದ ಕೋಳಿಗೆ ಡಿ.ಇ., ಜೇಡಿಯಿಂದ ಏನೂ ಆಗಲಿಲ್ಲ. ಪೆಟ್ಟಿಗೆ ತೆಗೆದ ಮೇಲೆ ಇಳಿದವುಗಳಲ್ಲೂ ಹುಳ ಮತ್ತೆ ಏರಿತು. ಗಂಧಕ ಮಾತ್ರ ಇಳಿಯದ ಕೋಳಿಯ ಮೈಗೂ ಹಬ್ಬಿ ಎಲ್ಲವನ್ನೂ ಸ್ವಚ್ಛ ಮಾಡಿತು, ಪೆಟ್ಟಿಗೆ ತೆಗೆದ ಮೇಲೂ ವಾರಗಟ್ಟಲೆ ನಿಂತಿತು. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಆ ಜೇಡಿ ಮಣ್ಣಿನ ಮಾತು. ದುಡ್ಡು ಕೊಟ್ಟು ತಂದ ಪುಡಿಯ ಜೊತೆಗೆ ಒಂದು ಜೇಡಿಯೂ ನಿಂತಿತಲ್ಲ. ನುಣ್ಣಗಿರಬೇಕು, ಒಣಗಿರಬೇಕು, ಯಾವಾಗಲೂ ಇರಬೇಕು.

ಗಂಧಕದ ಪುಡಿ ಕೃಷಿ ಅಂಗಡಿಯಲ್ಲಿ ಸಿಗುತ್ತದೆ, ಮಾವು, ಗೋಡಂಬಿಯ ಬೂದಿ ರೋಗಕ್ಕೆ ಒಯ್ಯುತ್ತಾರಲ್ಲ. ಆದರೆ ನೀರಿಗೆ ಕಲಸಿ ಹೊಡೆಯುವ ಗಂಧಕದಲ್ಲಿ ಬೇರೆ ವಸ್ತುಗಳೂ ಇರುತ್ತವೆ, ಬರೀ ಗಂಧಕದ ಒಣ ಪುಡಿಯೇ ಕೇಳಿ. ಕಣ್ಣು ಉರಿಸುತ್ತದೆ, ಬೆಂಕಿ ಹತ್ತುತ್ತದೆ, ಒಲೆಯ ಹತ್ತಿರ ಇಡಬೇಡಿ. ಮಣ್ಣಿನ ಪೆಟ್ಟಿಗೆಗೆ ಒಂದು ಹಿಡಿ, ಅಷ್ಟೇ.

ಬೇವು ಎಲ್ಲರೂ ಕೇಳುತ್ತಾರೆ. ಬೇವಿನ ಗುಣ ಬೀಜದಲ್ಲಿ ಜಾಸ್ತಿ, ಎಲೆಯಲ್ಲಿ ಕಮ್ಮಿ. ಬಿಸಿಲಿಗೆ ಆ ಗುಣ ಹೋಗುತ್ತದೆ, ಆದ್ದರಿಂದ ಎಲೆಯನ್ನು ನೆರಳಲ್ಲಿ ಒಣಗಿಸಿ. ನಾನು ಮೊಟ್ಟೆ ಇಡುವ ಬುಟ್ಟಿಯ ಹುಲ್ಲಿನ ಕೆಳಗೆ ಒಣ ಬೇವು ಹಾಕುತ್ತೇನೆ, ಪುಡಿಗೂ ಸೇರಿಸುತ್ತೇನೆ. ಬೇವೊಂದನ್ನೇ ನಂಬಿ ಕೂರುವುದಿಲ್ಲ. ಅರಿಶಿನ ಗಾಯಕ್ಕೆ ಒಳ್ಳೆಯದು, ಹೇನಿಗೆ ಅಂತ ನಾನು ಖರ್ಚು ಮಾಡುವುದಿಲ್ಲ.

ಬಜೆ ಪುಡಿ, ಇಲ್ಲಿನ ಅಂಗಡಿಯಲ್ಲಿ ವೇಖಂಡ ಅನ್ನುತ್ತಾರೆ, ಅದು ಹೇನಿಗೆ ಹಳೇ ಮದ್ದು. ಮೈಗೆ ಒಂದು ಚಿಟಿಕೆ ಸರಿ, ಮೇವಿಗೆ ಬೇಡ. ಸೀತಾಫಲದ ಬೀಜದ ಪುಡಿಯ ವಿಷಯದಲ್ಲಿ ಮಾತ್ರ ಕೈಮುಗಿದು ಕೇಳುತ್ತೇನೆ, ಬಳಸಬೇಡಿ. ಹೇನು ಸಾಯುತ್ತದೆ ಅನ್ನೋದು ನಿಜ. ಕಣ್ಣಿಗೆ ಒಂದು ಕಣ ಬಿದ್ದರೆ ಕಣ್ಣಿನ ಗುಡ್ಡೆಯ ಮೇಲಿನ ಪೊರೆಯೇ ಸುಲಿಯುತ್ತದೆ. ಕೋಳಿ ರೆಕ್ಕೆ ಬಡಿದರೆ ಪುಡಿ ಯಾರ ಕಣ್ಣಿಗೆ ಬೀಳುತ್ತದೋ ಹೇಳಲಾಗುವುದಿಲ್ಲ. ಮಕ್ಕಳು ಪಕ್ಕದಲ್ಲೇ ನಿಂತಿರುತ್ತವೆ. ತಂಬಾಕಿನ ಪುಡಿಯೂ ಹಾಗೇ. ಅದೂ ಗಿಡದ್ದೇ, ಆದರೆ ನಿಕೋಟಿನ್ ಕೋಳಿಗೂ ವಿಷ, ಚರ್ಮದ ಮೂಲಕ ನಮಗೂ ಹತ್ತುತ್ತದೆ.

ಗಿಡದ್ದು ಅಂದ ಕೂಡಲೇ ನಾವು ಕಣ್ಣು ಮುಚ್ಚಿ ನಂಬುತ್ತೇವೆ, ಅದಕ್ಕೆ ಒಂದು ಘಟನೆ ಹೇಳುತ್ತೇನೆ. 2017ರಲ್ಲಿ ಯುರೋಪಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ ಅಂಗಡಿಯಿಂದ ವಾಪಸ್ ತರಿಸಿದರು, ನೆದರ್ಲೆಂಡ್ಸ್, ಬೆಲ್ಜಿಯಂ ಕಡೆ ಶುರುವಾಯಿತು. ಕಾರಣ ಈ ಕೆಂಪು ನುಸಿಯೇ. ಗಿಡಮೂಲಿಕೆಯ ಎಣ್ಣೆಯದ್ದು ಅಂತ ಮಾರಿದ ದ್ರಾವಣವನ್ನು ಕೋಳಿ ಮನೆಗಳಿಗೆ ಹೊಡೆಸಿದ್ದರು. ಅದರೊಳಗೆ ಫಿಪ್ರೊನಿಲ್ ಅನ್ನುವ ಕೀಟನಾಶಕ ಕಳ್ಳತನದಲ್ಲಿ ಬೆರೆಸಿದ್ದರು, ಆಹಾರದ ಪ್ರಾಣಿಗಳಿಗೆ ಅಲ್ಲಿ ಅದನ್ನು ಬಳಸುವ ಹಾಗಿಲ್ಲ. ಮೊಟ್ಟೆಯಲ್ಲಿ ಸಿಕ್ಕಿತು. ನಮ್ಮಲ್ಲಿ ನಾಯಿಯ ಉಣ್ಣಿಗೆ ಬೆನ್ನ ಮೇಲೆ ಬಿಡುವ ಹನಿಯಲ್ಲಿ ಇದೇ ಫಿಪ್ರೊನಿಲ್ ಇರುತ್ತದೆ. ನಾಯಿಗೆ ತಂದು ಉಳಿದದ್ದನ್ನು ಕೋಳಿಗೆ ಬಿಟ್ಟೆ ಅಂತ ಒಬ್ಬರು ಹೇಳಿದರು. ಆ ಮೊಟ್ಟೆಯನ್ನು ಅವರ ಮೊಮ್ಮಕ್ಕಳು ತಿಂದಿದ್ದಾರೆ. ಹೆಸರಿಲ್ಲದ, ಒಳಗೆ ಏನಿದೆ ಅಂತ ಬರೆಯದ ಆಯುರ್ವೇದ ಪುಡಿ ಅಂತ ಕೊಟ್ಟರೂ ತರಬೇಡಿ.

ಹಿಂದಿನ ಸಾಲಿನಿಂದ ಒಬ್ಬರು ಹೊಟ್ಟೆಹುಳದ ಬಗ್ಗೆ ಕೇಳಿದರು, ಡಿ.ಇ. ಮೇವಿಗೆ ಕಲಸಿದರೆ ಹೋಗುತ್ತದಂತಲ್ಲ ಅಂತ. ಕೋಳಿಯ ಹೊಟ್ಟೆಯೊಳಗೆ ಎಲ್ಲ ಒದ್ದೆ. ಒಣಗಿಸಿ ಕೊಲ್ಲುವ ಪುಡಿ ಅಲ್ಲಿ ಹೇಗೆ ಒಣಗಿಸುತ್ತದೆ? ನಾನು ಅದನ್ನು ನಂಬಿ ಕಾಯುವುದಿಲ್ಲ. ಕೋಳಿ ತಿಂದರೂ ಎದೆ ಮೂಳೆ ಚೂಪಾಗಿ ಕೈಗೆ ಹತ್ತಿದರೆ, ಪಿಕ್ಕೆಯಲ್ಲಿ ಬಿಳಿ ದಾರದಂಥ ಹುಳ ಕಂಡರೆ, ಪಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಸರಕಾರಿ ಪಶು ಆಸ್ಪತ್ರೆಗೆ ಹೋಗಿ. ಮದ್ದು ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿ, ಅದನ್ನು ಕೇಳದೆ ಬರಬೇಡಿ.

ಕಾಲಿನ ಚಿಪ್ಪು ಎದ್ದು, ಸುಣ್ಣ ಮೆತ್ತಿದ ಹಾಗೆ ದಪ್ಪ ಆಗುತ್ತದಲ್ಲ, ಅದೂ ನುಸಿಯದ್ದೇ ಕೆಲಸ. ಚಿಪ್ಪಿನ ಕೆಳಗೆ ಕೊರೆದು ಕೂತಿರುತ್ತದೆ, ಪುಡಿ ಅಲ್ಲಿಗೆ ತಲುಪುವುದಿಲ್ಲ. ಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ, ಒರೆಸಿ, ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ದಪ್ಪಗೆ ಹಚ್ಚಿ. ಉಸಿರುಕಟ್ಟಿ ಸಾಯುತ್ತದೆ. ವಾರಗಟ್ಟಲೆ ಹಚ್ಚಬೇಕು. ಚಿಪ್ಪು ಕೀಳಬೇಡಿ, ರಕ್ತ ಬರುತ್ತದೆ.

ಈ ಹುಳಗಳು ಮನೆಗೆ ಬರುವುದು ಎಲ್ಲಿಂದ? ನನ್ನ ಮನೆಗೆ ಬಂದದ್ದು ಇಲ್ಲಿನ ಶುಕ್ರವಾರದ ಸಂತೆಯಿಂದ ತಂದ ಕೋಳಿಯ ಜೊತೆ. ಸಂತೆಯದ್ದು ತಪ್ಪಲ್ಲ, ಹತ್ತು ಊರಿನ ಕೋಳಿ ಒಂದೇ ಬುಟ್ಟಿಯಲ್ಲಿ ಕೂತರೆ ಆಗುವುದೇ ಅದು. ಈಗ ಹೊಸ ಕೋಳಿ ತಂದರೆ ಮೂರು ವಾರ ಬೇರೆ ಇಡುತ್ತೇನೆ, ಮೂರು ಸಲ ಪುಡಿ ಹಾಕಿ, ಸೀರು ಇಲ್ಲ ಅಂತ ನೋಡಿ, ಆಮೇಲೆ ಉಳಿದವುಗಳ ಜೊತೆ ಬಿಡುತ್ತೇನೆ.

ಈಗ ಮುಖ್ಯ ಕೆಲಸಕ್ಕೆ ಬರುತ್ತೇನೆ, ಯಾಕೆಂದರೆ ಏಪ್ರಿಲ್ ಮುಗಿಯುತ್ತಾ ಬಂತು. ಇಲ್ಲಿ ಗೋವಾದವರು ಮೇ ತಿಂಗಳಲ್ಲಿ ಪುರುಮೆಂತ್ ಅಂತ ಮಾಡುತ್ತಾರೆ, ನಿಮಗೆಲ್ಲ ಗೊತ್ತು. ಮಳೆ ಬರುವ ಮೊದಲು ಒಣ ಮೀನು, ಕೋಕಂ, ಮೆಣಸಿನಕಾಯಿ, ಬೇಳೆ, ಎಲ್ಲ ಒಣಗಿಸಿ ತುಂಬಿಡುವುದು. ನಾನು ಮೂರು ವರ್ಷದಿಂದ ಕೋಳಿಗೂ ಪುರುಮೆಂತ್ ಮಾಡುತ್ತಿದ್ದೇನೆ. ಮೇ ಮೊದಲ ವಾರ ಹಿತ್ತಲಿನ ಕೆಮ್ಮಣ್ಣನ್ನು ಜರಡಿ ಹಿಡಿದು ತಾಡಪತ್ರಿ ಮೇಲೆ ತೆಳ್ಳಗೆ ಹರಡಿ ನಾಲ್ಕು ದಿನ ಬಿಸಿಲಿಗೆ ಹಾಕುತ್ತೇನೆ, ದಿನಕ್ಕೆ ಎರಡು ಸಲ ಕೈಯಾಡಿಸುತ್ತೇನೆ. ಮಣ್ಣು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಆಗದೆ ನೀರಿನ ಹಾಗೆ ಬೆರಳ ಸಂದಿಯಿಂದ ಸುರಿಯಬೇಕು, ಅಲ್ಲಿವರೆಗೆ ಬಿಸಿಲು ಬೇಕು. ಅದನ್ನು ಮುಚ್ಚಳ ಇರುವ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬುತ್ತೇನೆ. ಬೂದಿ ಬೇರೆ ಡಬ್ಬಿ, ನೆರಳಲ್ಲಿ ಒಣಗಿಸಿದ ಬೇವು ಬೇರೆ. ನಾಲ್ಕು ತಿಂಗಳಿಗೆ ಆರು ಕೋಳಿಗೆ ಎರಡು ಡ್ರಮ್ ಮಣ್ಣು ನಮ್ಮಲ್ಲಿ ಸಾಲುತ್ತದೆ.

ಸ್ನಾನದ ಪೆಟ್ಟಿಗೆಗೆ ಲಾರಿಯ ಹಳೇ ಟಯರು ಸಾಕು. ಕೆಳಗೆ ಕಲ್ಲಿಟ್ಟು ಅದರ ಮೇಲೆ ಹಲಗೆ, ಹಲಗೆ ಮೇಲೆ ಟಯರು. ನೆಲದ ಮೇಲೇ ಇಟ್ಟರೆ ಕೆಳಗಿನಿಂದ ತೇವ ಏರುತ್ತದೆ, ಮೊದಲ ವರ್ಷ ನನಗೆ ಹಾಗ್ಯಾಕೆ ಒದ್ದೆ ಆಗುತ್ತದೆ ಅಂತ ಗೊತ್ತಾಗಲೇ ಇಲ್ಲ. ಮೇಲೆ ಒಂದು ಶೀಟು, ಎರಚಲು ಬರುವ ಕಡೆಗೆ ಮಡಲಿನ ತಟ್ಟಿ. ಅರ್ಧ ಅಡಿ ಮಣ್ಣು, ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಬೂದಿ, ಮೇಲೆ ಒಂದು ಬಟ್ಟಲು ಡಿ.ಇ. ಅಥವಾ ಒಂದು ಹಿಡಿ ಗಂಧಕ. ಮಳೆಗಾಲದಲ್ಲಿ ವಾರಕ್ಕೊಂದು ಸಲ ಮುಷ್ಟಿ ಹಿಡಿದು ನೋಡಿ. ಉಂಡೆ ಆಯಿತೋ, ಎಲ್ಲ ತೆಗೆದು ಗಿಡದ ಬುಡಕ್ಕೆ ಹಾಕಿ ಹೊಸದು ತುಂಬಿ. ಉಳಿಸಲು ಹೋಗಬೇಡಿ.

ಕಾವಿಗೆ ಕೂರಿಸುವುದನ್ನು ನಾನು ಈಗ ಮಳೆಗೆ ಮೊದಲೇ ಮುಗಿಸುತ್ತೇನೆ. ಜೂನ್‌ನಲ್ಲಿ ಕೂರಲು ಹಟ ಮಾಡಿದ ಕೋಳಿಯನ್ನು ಎಬ್ಬಿಸುತ್ತೇನೆ. ಕೂರಿಸುವ ಎರಡು ದಿನ ಮೊದಲು ಮೈಗೆ ಪುಡಿ, ಬುಟ್ಟಿಗೆ ಬಿಸಿಲು, ಹುಲ್ಲು ಹೊಸದು. ಹುಲ್ಲಿನ ಕೆಳಗೆ ಬೂದಿ ಈಗಲೂ ಹಾಕುತ್ತೇನೆ, ಆದರೆ ಸೀರೆಯಲ್ಲಿ ಸೋಸಿದ್ದು, ತೆಳ್ಳಗೆ. ಏಳನೇ ದಿನ, ಹದಿನಾಲ್ಕನೇ ದಿನ ಕೋಳಿ ಮೇವಿಗೆ ಎದ್ದಾಗ ಹುಲ್ಲು ಬದಲಿಸುತ್ತೇನೆ, ಹಳೆಯದನ್ನು ಸುಡುತ್ತೇನೆ. ಮರಿಗಳ ಮೇಲೆ ಪುಡಿ ಹಾಕುವುದಿಲ್ಲ, ಅವಕ್ಕೆ ಉಸಿರು ಕಟ್ಟುತ್ತದೆ.

ಸತ್ತ ಆ ಹ್ಯಾಟೆಯ ಮಗಳು ಒಂದು ನಮ್ಮಲ್ಲಿದೆ, ಅದು ಸಾಯುವ ಹಿಂದಿನ ವರ್ಷ ಇಟ್ಟ ಮೊಟ್ಟೆಯದ್ದು. ಅದು ಈ ತಿಂಗಳು 9 ಮೊಟ್ಟೆ ಮೇಲೆ ಕೂತಿದೆ. ನಿನ್ನೆ ರಾತ್ರಿ ಬ್ಯಾಟರಿ ಹಿಡಿದು ಹೋಗಿ ಬುಟ್ಟಿಯ ಅಂಚನ್ನೆಲ್ಲ ಬಿಳಿ ಕಾಗದದಿಂದ ಒರೆಸಿ ನೋಡಿದೆ. ಕಾಗದ ಬಿಳಿಯಾಗೇ ಇತ್ತು. ಜುಟ್ಟು ಕೆಂಪಗಿದೆ. ನಾಳಿದ್ದು ಮಂಗಳವಾರಕ್ಕೆ 21 ದಿನ.